ಗುಂಡಿ ತಿರುಗಿಸಿ ನೋಡಿ

ಹಳೇ ಮಿಲಿಟ್ರಿ ಅಂಗಿಯ ಗುಂಡಿ ಕೂಡಿಡುವ ಹುಚ್ಚು ನನ್ನದು. ಅದಕ್ಕೆಂದು ನಾನು ದೊಡ್ಡ ಪೇಟೆಗೆ ಹೋಗುವುದಿಲ್ಲ. ಕಾಸರಗೋಡು, ಉಪ್ಪಳ ಕಡೆಯ ಗುಜರಿ ಅಂಗಡಿಗಳೇ ಸಾಕು. ಹಿತ್ತಾಳೆ ರಾಶಿ ಕೆದಕಿದರೆ ನಲ್ಲಿ, ಬೀಗ, ಮುರಿದ ಕಾಲುದೀಪದ ನಡುವೆ ಒಂದೊಂದು ಸಿಗುತ್ತದೆ. 1956ರವರೆಗೆ ನಾವು ಮದ್ರಾಸಿನವರಲ್ವಾ? ಆ ಕಾಲದ ಪೊಲೀಸ್ ಗುಂಡಿಗಳೂ ಇದರಲ್ಲೇ ಬೆರೆತಿರುತ್ತವೆ.

ಮೊದಲು ಗುಂಡಿ ಮೇಲಿನ ಬ್ರಿಟಿಷ್ ಕಿರೀಟ ನೋಡುತ್ತೇನೆ. ಕಮಾನು ಎರಡೂ ಬದಿಯಿಂದ ಗುಂಡಗೆ ಏರಿ ಮೇಲೆ ಸೇರಿದ್ದರೆ ರಾಜರ ಕಾಲದ್ದು, ಅಂದರೆ 1901ರಿಂದ 1952ರ ನಡುವಿನದು. ನಡುವೆ ತಗ್ಗಿದ್ದರೆ ರಾಣಿಯದು. ಆದರೆ ಯಾವ ರಾಣಿ? ವಿಕ್ಟೋರಿಯಾನಾ, ಎಲಿಜಬೆತ್ತಾ? ಅದಕ್ಕೇ ತಿರುಗಿಸಿ ನೋಡಬೇಕು. ಬೆನ್ನಲ್ಲಿ ಫರ್ಮಿನ್, ಗಾಂಟ್ ಅಂತ ತಯಾರಕರ ಹೆಸರು, ಲಂಡನ್ ಅಥವಾ ಬರ್ಮಿಂಗ್‌ಹ್ಯಾಮ್ ಅಂತ ಊರು ಕೊರೆದಿರುತ್ತದೆ, ಕಾಲದ ಸುಳಿವು ಅಲ್ಲಿದೆ. ಅಂಗೈಯಲ್ಲಿಟ್ಟರೆ ತೂಕವೇ ಇಲ್ಲ, ಹೊಳಪು ಮಾತ್ರ ಜೋರು ಅಂದರೆ ಎಲಿಜಬೆತ್ ಕಾಲದ ಅಲ್ಯೂಮಿನಿಯಂ. ಅದು ನನಗೆ ಬೇಡ.

ಸಿಂಹ ಮತ್ತು ಒಂಟಿಕೊಂಬಿನ ಕುದುರೆ ಇರುವ ಗುಂಡಿಗೆ ಜಾಸ್ತಿ ದುಡ್ಡು ಕೊಡಬೇಡಿ. 1871ರಲ್ಲಿ ಬ್ರಿಟಿಷ್ ಸೇನೆ ಸಾಮಾನ್ಯ ಸಿಪಾಯಿಗಳ ರೆಜಿಮೆಂಟ್ ಗುಂಡಿ ಬಹುಪಾಲು ನಿಲ್ಲಿಸಿ, ಅದರ ಬದಲು ಇದನ್ನೇ ಕೊಟ್ಟಿತು. ಹಾಗಾಗಿ ರಾಶಿ ರಾಶಿ ಇವೆ. ರೆಜಿಮೆಂಟಿನ ನಂಬರೋ ಹೆಸರೋ ಇದ್ದರೆ ಮಾತ್ರ ನಾನು ಚೌಕಾಸಿಗೆ ಇಳಿಯುತ್ತೇನೆ.

ನನಗೆ ತುಂಬಾ ಇಷ್ಟವಾಗುವುದು ಗುಂಡಿಯ ಬೆನ್ನಿನ ಕೊಂಡಿ. ಖಾಕಿ ಡ್ರಿಲ್ ಅನ್ನುವ ಗಟ್ಟಿ ಹತ್ತಿ ಬಟ್ಟೆಯ ಅಂಗಿಗೆ ಗುಂಡಿಯನ್ನು ಹೊಲಿಯುತ್ತಿರಲಿಲ್ಲ. ಬಟ್ಟೆಯ ತೂತಿನಿಂದ ಕೊಂಡಿ ತೂರಿಸಿ, ಒಳಗಡೆ ಸಣ್ಣ ರಿಂಗ್ ಹಾಕುತ್ತಿದ್ದರು. ಒಗೆಯಲು ಕೊಡುವಾಗ ಗುಂಡಿ ಬಿಚ್ಚಿಟ್ಟುಕೊಳ್ಳಬಹುದಿತ್ತು. ರಿಂಗ್ ಉಜ್ಜಿ ಉಜ್ಜಿ ಕೊಂಡಿಯ ಒಳಮೈ ಒಂದೇ ಕಡೆ ಸವೆದಿದ್ದರೆ, ಯಾರೋ ನಿಜವಾಗಿ ತೊಟ್ಟ ಗುಂಡಿ ಅದು. ಹೊಸ ನಕಲಿಯಲ್ಲಿ ಈ ಸವೆತ ಇರುವುದಿಲ್ಲ. ಆಯಸ್ಕಾಂತಕ್ಕೆ ಅಂಟಿದರೆ ಒಳಗೆ ಕಬ್ಬಿಣ, ಮೇಲೆ ಬರೀ ಹಿತ್ತಾಳೆ ಬಣ್ಣ.

“ಹುಣಸೆಹುಳಿ ಹಾಕಿ ತಿಕ್ಕಿ, ಫಳಫಳ ಅನ್ನುತ್ತೆ” ಅನ್ನುತ್ತಾರೆ ಗುಜರಿಯ ಕಾಕ. ಬೇಡ ಕಾಕ! ಆಫೀಸರ್ ಗುಂಡಿಗೆ ತೆಳ್ಳಗೆ ಚಿನ್ನದ ಲೇಪ ಇರುತ್ತದೆ. ಹುಳಿಗೂ ಬ್ರಾಸೋ ಪಾಲಿಶಿಗೂ ಅದು ಉಳಿಯುವುದಿಲ್ಲ. ಸೋಪಿನ ನೀರು, ಮೆತ್ತನೆ ಬ್ರಷ್, ಕಿಲುಬಿಗೆ ಬಿದಿರಿನ ಕಡ್ಡಿ, ಇಷ್ಟೇ ನನ್ನ ಸಾಮಾನು. ಒರೆಸಿ ಚೆನ್ನಾಗಿ ಬಿಸಿಲಿಗಿಡುತ್ತೇನೆ. ಪಿವಿಸಿ ಕವರಿನಲ್ಲಿ ಇಡಲೇಬಾರದು, ಹಸಿರು ಅಂಟು ಹಿಡಿಯುತ್ತದೆ. ನಮ್ಮ ಕಡಲಗಾಳಿಗೆ, ಆಟಿ ತಿಂಗಳ ಮಳೆಗೆ ಡಬ್ಬಿಯೊಳಗೆ ತೇವ ಹೀರುವ ಸಿಲಿಕಾ ಜೆಲ್ ಬೇಕೇ ಬೇಕು.

ಹೊರದೇಶದವರು ಒಳ್ಳೇ ರೇಟು ಹೇಳಿದರೂ ಆಸೆಪಡಬೇಡಿ. ನೂರು ವರ್ಷ ದಾಟಿದ್ದನ್ನು ನಾವು ನೀವು ಹೊರಗೆ ಕಳಿಸಲು 1972ರ ಪ್ರಾಚ್ಯವಸ್ತು ಕಾಯ್ದೆ ಬಿಡುವುದಿಲ್ಲ. ನನ್ನ ಅದಲು ಬದಲು ಏನಿದ್ದರೂ ದೇಶದೊಳಗೇ.