ಸ್ಕಿಮ್ಮರ್ ಓಡುತ್ತದೆ, ಆದರೆ ಕಪ್‌ಗೆ ನೊರೆ ಬರುವುದಿಲ್ಲ: ಕಾರವಾರದಲ್ಲಿ ಸರಿಹೋದ ಬಗೆ

200 ಲೀಟರಿನ ಸಮುದ್ರ ಮೀನಿನ ತೊಟ್ಟಿ. ಪ್ರೋಟೀನ್ ಸ್ಕಿಮ್ಮರ್ (ಗಾಳಿಗುಳ್ಳೆಯ ನೊರೆಯಿಂದ ನೀರಿನ ಕೊಳೆ ಎತ್ತಿ ಮೇಲಿನ ಕಪ್‌ಗೆ ಸೇರಿಸುವ ಸಾಧನ) ಹಗಲೂ ರಾತ್ರಿ ಓಡುತ್ತಿತ್ತು, ಕಪ್ ಮಾತ್ರ ಖಾಲಿ. ಒಳಗೆ ಸಾಬಕ್ಕಿಯಷ್ಟು ದಪ್ಪ ಗುಳ್ಳೆ, ಮೇಲೆ ಬಂದು ಪಟ್ ಅಂತ ಒಡೆಯುತ್ತಿದ್ದವು. ತೊಟ್ಟಿಯ ನೀರಿನ ಮೇಲೆ ಜಿಡ್ಡಿನ ಪದರ.

ಕಪ್ ಇಳಿಸಿ ನೋಡಿದೆ, ಬರೀ ನೀರು ತುಂಬಿತು. ಜಾಸ್ತಿ ನೀರು ತಳ್ಳುವ ಪಂಪ್ ಹಾಕಿದೆ, ನೀರು ನಿಲ್ಲದೆ ಹಾದುಹೋಯಿತು. ಏರ್‌ಸ್ಟೋನ್‌ನಿಂದಲೂ (ಗಾಳಿಗುಳ್ಳೆ ಬಿಡುವ ಸಣ್ಣ ರಂಧ್ರಗಳ ಕಲ್ಲು) ಆಗಲಿಲ್ಲ.

ಮೊದಲು ಉಪ್ಪು ನೋಡಿ. ಮಳೆಗಾಲದಲ್ಲಿ ಕಾಳಿ ನದಿಯ ನೀರು ಸೇರಿ ನಮ್ಮ ದಡದ ಸಮುದ್ರದ ನೀರು ಸಪ್ಪೆಯಾಗುತ್ತದೆ. ಉಪ್ಪು ಕಡಿಮೆಯಾದಷ್ಟೂ ಗುಳ್ಳೆ ದಪ್ಪವಾಗುತ್ತದೆ. ಹೈಡ್ರೋಮೀಟರ್ (ನೀರಿನ ಸಾಂದ್ರತೆ ನೋಡಿ ಉಪ್ಪು ತಿಳಿಯುವ ಸಾಧನ) 1.018 ತೋರಿಸಿತು. ದಿನಕ್ಕೆ 0.001ರಂತೆ ನಿಧಾನವಾಗಿ 1.025ಕ್ಕೆ ಏರಿಸಿದೆ.

ಆಮೇಲೆ ಪಂಪ್. ಮಾಮೂಲಿ ರೆಕ್ಕೆಯ ಪಂಪ್ ತೆಗೆದು ನೀಡಲ್ ವೀಲ್ ಪಂಪ್ ಹಾಕಿದೆ. ಇದರ ಚಕ್ರದ ತುಂಬ ಸಣ್ಣ ಕಡ್ಡಿಗಳಿರುತ್ತವೆ, ಗಾಳಿಯನ್ನು ಅವೇ ಪುಡಿ ಮಾಡುತ್ತವೆ. ಸ್ಕಿಮ್ಮರ್‌ಗೆ ಬೇಕಾದದ್ದು ನೀರಿನ ರಭಸವಲ್ಲ, ಸಣ್ಣ ಗುಳ್ಳೆ ಮತ್ತು ಅದು ನೀರಲ್ಲಿ ಇರುವ ಹೊತ್ತು. ಗಾಳಿಯ ನಳಿಕೆಯ ಬಾಯಲ್ಲಿ ಉಪ್ಪು ಕಟ್ಟಿತ್ತು, ಬಿಸಿನೀರಲ್ಲಿ ತೊಳೆದೆ.

ಸೆಟ್ಟಿಂಗ್ ಈ ಕ್ರಮದಲ್ಲೇ ಮಾಡಿ. ಸಂಪ್‌ನಲ್ಲಿ, ಅಂದರೆ ಸ್ಕಿಮ್ಮರ್ ಇಟ್ಟಿರುವ ಪಕ್ಕದ ಚಿಕ್ಕ ತೊಟ್ಟಿಯಲ್ಲಿ, ನೀರು 18 ಸೆಂ.ಮೀ. ನಿಲ್ಲಿಸಿದೆ (ನಿಮ್ಮ ಮಾಡೆಲ್‌ಗೆ ಬೇರೆ ಇರಬಹುದು). ಗಾಳಿ ಪೂರ್ತಿ ತೆರೆಯಿರಿ. ಹೊರಹೋಗುವ ವಾಲ್ವ್ ಪೂರ್ತಿ ತೆರೆದು, ನೊರೆ ಕಪ್‌ನ ಕುತ್ತಿಗೆಗೆ ಬರುವವರೆಗೆ ಸ್ವಲ್ಪಸ್ವಲ್ಪ ಮುಚ್ಚಿ. ಮತ್ತೆ ಕೆಲವು ದಿನ ಸುಮ್ನೆ ಬಿಡಿ, ಹೊಸ ಪಂಪ್ ಪಳಗಬೇಕು. ಕೊಬ್ಬರಿ ಎಣ್ಣೆ ತಾಗಿದ ಕೈ ನೀರಿಗೆ ಹಾಕಬೇಡಿ, ನೊರೆ ಕುಸಿಯುತ್ತದೆ.

ಈಗ ಕಪ್‌ನಲ್ಲಿ ಕಪ್ಪು ಚಹಾದ ಬಣ್ಣದ ಗಬ್ಬು ನೀರು ಸೇರುತ್ತಿದೆ. ಕುತ್ತಿಗೆಯ ಒಳಗಿನ ಜಿಡ್ಡನ್ನು ಎರಡು ಮೂರು ದಿನಕ್ಕೊಮ್ಮೆ ಒರೆಸುತ್ತೇನೆ.