ಬಲೂನ್ ಪಂಪ್‌ನಿಂದ ವಾಟರ್ ಕೂಲಿಂಗ್ ಲೂಪ್ ಖಾಲಿ ಮಾಡಿದ್ದು: ನನ್ನ ಅನುಭವ

ಮೊದಲು ರಿಸಲ್ಟ್ ಹೇಳಿ ಬಿಡ್ತೇನೆ. ಏಪ್ರಿಲ್‌ನಲ್ಲಿ ಕ್ಲೀನ್ ಮಾಡಿದ ಲೂಪ್ (ಕಂಪ್ಯೂಟರ್ ತಣ್ಣಗಿಡ್ಲಿಕ್ಕೆ ಒಳಗೆ ನೀರು ಸುತ್ತುವ ಟ್ಯೂಬ್, ಪಂಪ್, ರೇಡಿಯೇಟರ್‌ನ ಸಾಲು), ಇಡೀ ಮಳೆಗಾಲ ದಾಟಿ ದೀಪಾವಳಿನೂ ಕಳೀತು, ಇವತ್ತಿಗೂ ಅದರ ನೀರು ನಿಲ್ಲುವ ಡಬ್ಬಿ, ಅಂದ್ರೆ ರಿಸರ್ವಾಯರ್‌ನಲ್ಲಿ ನೀರು ಉಂಟಾ ಇಲ್ವಾ ಅಂತ ಬಗ್ಗಿ ನೋಡ್ಬೇಕು, ಅಷ್ಟು ತಿಳಿ. ಅದೇ ಮದುವೆ ವಿಡಿಯೋ ರೆಂಡರ್‌ಗೆ ಸಿಪಿಯು ಮೊದಲು 88-90 ಡಿಗ್ರಿಗೆ ಹೋಗ್ತಿತ್ತು, ಈಗ 73-74ರಲ್ಲಿ ನಿಲ್ತದೆ, ಅದೂ ಮಂಗಳೂರು ಕೊಟ್ಟಾರದ ನನ್ನ ರೂಮಿನಲ್ಲಿ, ಎಸಿ ಇಲ್ಲದೆ. "ಹೀಗೆಲ್ಲ ಮಾಡಿದ್ರೆ ಒಂದು ವಾರದಲ್ಲಿ ಲೀಕ್ ಆಗ್ತದೆ ಮಾರಾಯ, ಬರೆದಿಟ್ಟುಕೋ" ಅಂತ ಹೇಳಿದ ಮಣಿಪಾಲದ ದೋಸ್ತಿ ಈಗ ಅವನ ಪಿಸಿಗೆ ಯಾವಾಗ ಬರ್ತಿ ಅಂತ ಕೇಳ್ತಿದ್ದಾನೆ.

ಕಥೆ ಶುರುವಾದದ್ದು ಲೂಪ್‌ಗೆ ನಾನು ಹಾಕಿದ್ದ ಬಿಳಿ ಬಣ್ಣದ ದ್ರವ, ಪಾಸ್ಟೆಲ್ ಕೂಲೆಂಟ್‌ನಿಂದ. ನೋಡ್ಲಿಕ್ಕೆ ಹಾಲಿನ ಹಾಗೆ ಚಂದ, ಎರಡು ವರ್ಷ ಹಾಗೆಯೇ ಬಿಟ್ಟೆ, ಬಿಡಬಾರದಿತ್ತು. ಕಂಪ್ಯೂಟರ್ ಎರಡು ದಿನ ಆಫ್ ಇದ್ರೆ ರಿಸರ್ವಾಯರ್‌ನ ಅಡಿಯಲ್ಲಿ ದೋಸೆ ಹಿಟ್ಟಿನ ಹಾಗೆ ಪದರ ಕೂತುಕೊಳ್ತಿತ್ತು. ಬೆಂಗಳೂರಿನ ಒಬ್ಬರ ಹತ್ತಿರ ಕೇಳಿದ್ರೆ ಪೂರ್ತಿ ಬಿಚ್ಚಿ ತೊಳೆದು ಕೊಡ್ಲಿಕ್ಕೆ 9,500 ರೂಪಾಯಿ, ಸಾಗಾಟ ಬೇರೆ. ಹೊರಗಿನಿಂದ ಬರುವ ಕ್ಲೀನಿಂಗ್ ಕಿಟ್‌ಗೆ ನಾಲ್ಕೂವರೆ ಸಾವಿರದ ಹತ್ತಿರ. ನಾನೇ ಮಾಡುದು ಅಂತ ಆಯ್ತು.

ಮೊದಲ ಸಲ ಮಾಡಿದ್ದು ಜುಲೈಯಲ್ಲಿ, ಅದು ದೊಡ್ಡ ತಪ್ಪು. ಲೂಪ್‌ನಲ್ಲಿ ಒಟ್ಟು 1,100-1,200 ಎಂಎಲ್ ಇರ್ಬಹುದು, ವಾಲ್ವ್ ತೆರೆದ್ರೆ 700 ಬಂತು, ಉಳಿದದ್ದು ಮೇಲಿನ 360 ಎಂಎಂ ರೇಡಿಯೇಟರ್‌ನಲ್ಲಿ ಮತ್ತೆ ಜಿಪಿಯು (ಗ್ರಾಫಿಕ್ಸ್ ಚಿಪ್) ಮೇಲೆ ಕೂರುವ ಬ್ಲಾಕ್‌ನಲ್ಲಿ, ಅಂದ್ರೆ ನೀರು ಹರಿಯುವ ಲೋಹದ ತುಂಡಿನಲ್ಲಿ, ಸಿಕ್ಕಿ ಬಿದ್ದಿತ್ತು. ಖಾಲಿ ಆಯ್ತು ಅಂತ ಎಣಿಸಿ ಟ್ಯೂಬ್ ಎಳೆದೆ ನೋಡಿ, ಒಂದು ಲೋಟ ನೀರು ಸೀದಾ ಗ್ರಾಫಿಕ್ಸ್ ಕಾರ್ಡಿನ ಬೆನ್ನ ಮೇಲೆ. ಕರೆಂಟ್ ಇರ್ಲಿಲ್ಲ ಅಂತ ಬದುಕಿತು. ಆದ್ರೆ ಆಟಿಯ ಮಳೆಗೆ ಬನಿಯನ್ನೇ ಒಣಗುದಿಲ್ಲ, ಕಾರ್ಡ್ ಎಲ್ಲಿ ಒಣಗ್ತದೆ? ನಾಲ್ಕು ದಿನ ಫ್ಯಾನಿನ ಅಡಿ ಇಟ್ಟು, ದಿನಾ ಮೂಸಿ ಮೂಸಿ ನೋಡಿ, ಎರಡು ಆರ್ಡರ್ ಲೇಟಾಗಿ, ಕೈಯಿಂದ 6,000 ಹೋಯ್ತು. ನಮ್ಮ ಊರಿನಲ್ಲಿ ಈ ಕೆಲಸ ಮಾಡುದಾದ್ರೆ ಮಾರ್ಚ್-ಏಪ್ರಿಲ್‌ನಲ್ಲಿ ಮಾಡಿ, ಬ್ಲಾಕ್, ಫಿಟ್ಟಿಂಗ್ ಎಲ್ಲ ಅಂಗಳದ ಬಿಸಿಲಿಗೆ ಒಂದು ಗಂಟೆಯಲ್ಲಿ ಗರಿಗರಿ.

ಎರಡನೇ ಸಲ ಇನ್ನೂ ಕಡೆ. ಉಳಿದ ನೀರು ಊದಿ ತೆಗೆಯುವ ಅಂತ ಪಂಕ್ಚರ್ ಅಂಗಡಿಯ ಕಂಪ್ರೆಸರ್‌ಗೆ ಹಿಡಿದೆ. 30 ಪಿಎಸ್‌ಐ ಇರ್ಬೇಕು, ಟಪ್ ಅಂತ ಒಂದೇ ಸದ್ದು, ರಿಸರ್ವಾಯರ್‌ನ ಅಕ್ರಿಲಿಕ್‌ನಲ್ಲಿ ಕೂದಲಿನ ಹಾಗೆ ಬಿರುಕು. 3,200 ರೂಪಾಯಿ. ಅದಕ್ಕಿಂತ ದೊಡ್ಡ ಪೆಟ್ಟು ಆಮೇಲೆ ಗೊತ್ತಾದದ್ದು, ಆ ಗಾಳಿಯ ಜೊತೆ ಕಂಪ್ರೆಸರ್ ಎಣ್ಣೆ ಒಳಗೆ ಹೋಗಿತ್ತು, ಫಿಟ್ಟಿಂಗ್‌ನಲ್ಲಿ ಲೀಕ್ ತಡೆಯುವ ಉಂಗುರ, ಓ-ರಿಂಗ್, ಇಪಿಡಿಎಂ ಅನ್ನುವ ರಬ್ಬರಿನದ್ದು, ಅದಕ್ಕೆ ಪೆಟ್ರೋಲಿಯಂ ಎಣ್ಣೆ ಆಗುದೇ ಇಲ್ಲ, ಎಣ್ಣೆ ತಾಗಿದ ಓ-ರಿಂಗ್ ಉಬ್ಬಿ ಅದರ ಗ್ರೂವ್‌ನಲ್ಲಿ ಕೂರ್ಲೇ ಇಲ್ಲ. ಬೆರಳಲ್ಲಿ ಒತ್ತಿದ್ರೆ ನೆನೆದ ಕಡಲೆಯ ಹಾಗೆ ಮೆತ್ತಗೆ.

ಬಲೂನ್ ಪಂಪ್ ಹೊಳೆದದ್ದು ಅಕ್ಕನ ಮಗಳ ಬರ್ತ್‌ಡೇ ದಿನ. ಡೆಕೊರೇಷನ್‌ನವರು ತರುವ ಆ ಕರೆಂಟಿನ ಡಬ್ಬಿ, ಗಾಳಿ ಧಾರಾಳ, ಪ್ರೆಶರ್ ಹೇಳುವಷ್ಟು ಇಲ್ಲ, ಎಣ್ಣೆಯಂತೂ ಇಲ್ಲವೇ ಇಲ್ಲ. 750 ರೂಪಾಯಿ ಕೊಟ್ಟು ತಗೊಂಡೆ. ಅದರ ಮೂತಿಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿದ್ರೆ 16 ಎಂಎಂ ಟ್ಯೂಬಿನ ಒಳಗೆ ಸಮ ಕೂರ್ತದೆ.

ಊದುದು ಎಲ್ಲಿಂದ ಅನ್ನುದೇ ಮುಖ್ಯ. ರಿಸರ್ವಾಯರ್ ಮೇಲಿಂದ ಊದಿದ್ರೆ ಗಾಳಿ ಹತ್ತಿರದ ದಾರಿ ಹಿಡಿದು ಡ್ರೈನ್ ವಾಲ್ವ್‌ನಿಂದ ಹೊರಗೆ ಹೋಗ್ತದೆ, ಮೇಲಿನ ನೀರು ಮೇಲೆಯೇ. ನನ್ನ ವಾಲ್ವ್ ಇರುದು ಲೂಪಿನ ನೀರಿನ ಪಂಪ್‌ನ ಔಟ್‌ಲೆಟ್ ಹತ್ತಿರ, T ಆಕಾರದ ಜಾಯಿಂಟ್ ಹಾಕಿ. ಹಾಗಾಗಿ ತಾನಾಗಿ ಬರುವ ನೀರೆಲ್ಲ ಬಂದ ಮೇಲೆ, ರಿಸರ್ವಾಯರ್‌ಗೆ ವಾಪಸ್ ಬರುವ ಟ್ಯೂಬ್ ಬಿಚ್ಚಿ, ಆ ಪೋರ್ಟ್‌ಗೆ ಸ್ಟಾಪ್ ಪ್ಲಗ್, ಮೇಲಿನ ಮುಚ್ಚಳನೂ ಹಾಕಿ, ಬಿಚ್ಚಿದ ಟ್ಯೂಬಿಗೆ ಊದಿದೆ. ಗಾಳಿ ಉಲ್ಟಾ ಹೋಗ್ತದೆ: ರೇಡಿಯೇಟರ್, ಸಿಪಿಯು, ಜಿಪಿಯು, ಕೊನೆಗೆ ವಾಲ್ವ್. ಮೂರು-ನಾಲ್ಕು ಸೆಕೆಂಡ್ ಊದುದು, ಬಿಡುದು, ಇಲ್ಲದಿದ್ರೆ ಬಲೂನ್ ಪಂಪ್ ಬಿಸಿ ಆಗ್ತದೆ. ಬಾಲ್ದಿಗೆ ಇನ್ನೂ 350 ಎಂಎಲ್ ಬಂತು, ಅದರ ಜೊತೆ ಬೆಣ್ಣೆ ಮುದ್ದೆಯ ಹಾಗಿನ ಬಿಳಿ ತುಂಡುಗಳು. ಸಿಪಿಯು ಬ್ಲಾಕ್‌ನ ಒಳಗಿನ ಬಾಚಣಿಗೆ ಹಲ್ಲಿನ ಹಾಗಿನ ಫಿನ್‌ಗೆ ಕೊಳೆ ಕೂರುದು ನೀರು ಒಳಗೆ ಬರುವ ಬದಿಯಲ್ಲಿ, ಉಲ್ಟಾ ಗಾಳಿಗೆ ಅದೇ ಎದ್ದು ಬರುದು. ಇದು ನಾನಾಗಿ ಕಂಡುಕೊಂಡದ್ದು, ಯಾರೂ ಹೇಳಿ ಕೊಟ್ಟದ್ದಲ್ಲ. ಕೇಸನ್ನು ಯಾವ ಕ್ರಮದಲ್ಲಿ ಓರೆ ಮಾಡಿದ್ರೆ ಕೊನೆಯ 50 ಎಂಎಲ್ ಕೂಡ ಬರ್ತದೆ ಅಂತ ನನಗೆ ಗೊತ್ತುಂಟು, ಅದೊಂದು ನನ್ನ ಹತ್ತಿರವೇ ಇರ್ಲಿ, ಎರಡು ಪಿಸಿ ದುಡ್ಡಿಗೆ ಮಾಡಿ ಕೊಡ್ಲಿಕ್ಕುಂಟು.

ಆಮೇಲೆ ಬ್ಲಾಕ್ ಬಿಚ್ಚಿದೆ, ಅದಕ್ಕೆ ಶಾರ್ಟ್‌ಕಟ್ ಇಲ್ಲ. ಫಿನ್‌ನಲ್ಲಿ ಅಂಟು ಅಂಟು, ಅರ್ಧ ಕೂಲೆಂಟ್, ಅರ್ಧ ಕ್ಲಿಯರ್ ಪಿವಿಸಿ ಟ್ಯೂಬಿನಿಂದ ಬಿಟ್ಟ ಪ್ಲಾಸ್ಟಿಸೈಸರ್ (ಟ್ಯೂಬ್ ಮೆತ್ತಗಿರ್ಲಿಕ್ಕೆ ಸೇರಿಸುವ ಕೆಮಿಕಲ್). ಪಾತ್ರೆ ತೊಳೆಯುವ ಲಿಕ್ವಿಡ್, ಬಿಸಿ ನೀರು, ಮಕ್ಕಳ ಟೂತ್‌ಬ್ರಷ್, ಫಿನ್ ಇರುವ ದಿಕ್ಕಿನಲ್ಲೇ ಉಜ್ಜುದು. ಅಕ್ರಿಲಿಕ್‌ಗೆ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಮುಟ್ಟಿಸ್ಬೇಡಿ, ಸಣ್ಣ ಸಣ್ಣ ಬಿರುಕು ಬರ್ತದೆ. ಟ್ಯೂಬ್ ಪೂರ್ತಿ ಬಿಸಾಡಿ ಕಪ್ಪು ಇಪಿಡಿಎಂ ಹಾಕಿದೆ, ಒಳಗಿನ ಬಣ್ಣ ಕಾಣುದಿಲ್ಲ, ಬೇಡ ನನಗೆ.

ರೇಡಿಯೇಟರ್‌ಗೆ ಕೇಕ್ ಸಾಮಾನಿನ ಅಂಗಡಿಯ ಸಿಟ್ರಿಕ್ ಆಸಿಡ್ ಪುಡಿ. ಇಲ್ಲೇ ಎಲ್ಲರೂ ಬೊಬ್ಬೆ ಹಾಕಿದ್ದು, ತಾಮ್ರ ತಿಂದು ಬಿಡ್ತದೆ ಅಂತ. ಲೀಟರ್‌ಗೆ 15 ಗ್ರಾಮ್ ಅಂದಾಜು, ಬೆಚ್ಚಗಿನ ನೀರು, 20 ನಿಮಿಷ, ಅರ್ಧ ತುಂಬಿಸಿ ಚೆನ್ನಾಗಿ ಕುಲುಕುದು, ಅಷ್ಟೇ. ತಿಳಿ ನೀಲಿ ನೀರು ಬಂತು, ಅದರಲ್ಲಿ ಸೋಲ್ಡರ್ ಫ್ಲಕ್ಸ್‌ನ ಕರಿ ಚೂರು. ತಾಮ್ರ-ಹಿತ್ತಾಳೆಯ ರೇಡಿಯೇಟರ್‌ಗೆ ಮಾತ್ರ, ಅಲ್ಯೂಮಿನಿಯಂಗೆ ಬೇಡ, ನಿಕಲ್ ಲೇಪದ ಬ್ಲಾಕ್‌ಗೆ ಹನಿಯೂ ತಾಗ್ಬಾರ್ದು. ಆಮೇಲೆ ನಳ್ಳಿ ನೀರಿನಲ್ಲಿ ಏಳೆಂಟು ಸಲ, ಕೊನೆಗೆ ಡಿಸ್ಟಿಲ್ಡ್ ವಾಟರ್.

ಸ್ವಚ್ಛ ಆಯ್ತೋ ಇಲ್ವೋ ಅಂತ ಕಣ್ಣಿಗೆ ಗೊತ್ತಾಗುದಿಲ್ಲ. ಆರ್‌ಒ ಫಿಲ್ಟರ್ ರಿಪೇರಿಯವರ ಹತ್ತಿರ ಇರುವ, ನೀರಿನಲ್ಲಿ ಕರಗಿದ ಉಪ್ಪು-ಖನಿಜ ಎಷ್ಟುಂಟು ಅಂತ ತೋರಿಸುವ ಟಿಡಿಎಸ್ ಮೀಟರ್ ತಗೊಂಡು, ಡಿಸ್ಟಿಲ್ಡ್ ತುಂಬಿಸಿ ರಾತ್ರಿ ಇಟ್ಟು ಬೆಳಿಗ್ಗೆ ಅಳೆದೆ. ಮೊದಲ ದಿನ 45-50, ಮರುದಿನ 20, ಮತ್ತೆ 6 ಅಥವಾ 7. ಹತ್ತರ ಒಳಗೆ ಬಂದ್ರೆ ನನಗೆ ಸಾಕು. ಕೂಲೆಂಟ್ ಹಾಕಿದ ಮೇಲೆ ಈ ಲೆಕ್ಕ ನಡೆಯುದಿಲ್ಲ, ಅದರ ಕೆಮಿಕಲ್ಲೇ ಮೀಟರ್ ಏರಿಸ್ತದೆ.

ನಡುವೆ ಬೇರೆ ಪ್ರಯೋಗನೂ ಮಾಡಿದೆ. ಅಮ್ಮ ದೀಪ ತಿಕ್ಕಿ ತೊಳೆಯುದು ಬಿಂಬುಳಿ ಅನ್ನುವ ಹುಳಿಕಾಯಿಯಲ್ಲಿ, ಹಿತ್ತಲ ಮರದಲ್ಲಿ ರಾಶಿ ಉಂಟು, ಅದರ ರಸ ಒಂದು ಹಳೆಯ 120ರ ರೇಡಿಯೇಟರ್‌ಗೆ ಹಾಕಿದೆ. ಫಿಟ್ಟಿಂಗ್‌ನ ಹಿತ್ತಾಳೆ ಚಿನ್ನದ ಹಾಗೆ ಬಂತು, ಆದ್ರೆ ಸೋಸಿದ್ರೂ ನಾರು ಒಳಗೆ ಉಳಿದು ಇವತ್ತಿನವರೆಗೂ ಅದು ಪೂರ್ತಿ ಹೋಗ್ಲಿಲ್ಲ. ಮತ್ತೆ ಯಾವ ನೀರು ಒಳ್ಳೆದು ಅಂತ ನೋಡ್ಲಿಕ್ಕೆ ಬೇರೆ ಬೇರೆ ನೀರಿನ ಬಾಟಲಿಗಳಲ್ಲಿ ತಾಮ್ರದ ತುಂಡು ಹಾಕಿ ಮೂರು ವಾರ ಕಿಟಕಿಯಲ್ಲಿಟ್ಟೆ. ಅಣ್ಣನ ರೂಮಿನ ಎಸಿಯಿಂದ ತೊಟ್ಟಿಕ್ಕುವ ನೀರು ಟಿಡಿಎಸ್‌ನಲ್ಲಿ ಬರೀ 15 ತೋರಿಸಿತು, ಖುಷಿಯಾಯ್ತು, ಎಂಟನೇ ದಿನಕ್ಕೆ ಅದರಲ್ಲಿ ಲೋಳೆ. ಬಂಕ್‌ನ ಬ್ಯಾಟರಿ ವಾಟರ್‌ನಲ್ಲಿ ಒಂದು ಕ್ಯಾನ್ 3, ಇನ್ನೊಂದು ಕಡೆಯ ಕ್ಯಾನ್ 60, ಹಾಗಾಗಿ ಲೇಬಲ್ ನಂಬದೆ ಅಳೆದೇ ತಗೊಳ್ಳಿ.

ತುಂಬಿಸುವಾಗ ಎಲ್ಲರಿಗೂ ಗೊತ್ತಿದ್ದದ್ದೇ, ಮದರ್‌ಬೋರ್ಡಿನ ಎಲ್ಲ ಪವರ್ ತೆಗೆದು, ಪವರ್ ಸಪ್ಲೈಯ 24 ಪಿನ್ ಕನೆಕ್ಟರ್‌ನಲ್ಲಿ ಹಸಿರು ಮತ್ತೆ ಕಪ್ಪು ತಂತಿ ಜೋಡಿಸುವ ಜಂಪರ್ ಹಾಕಿ, ಲೂಪಿನ ಪಂಪ್ ಮಾತ್ರ ಓಡಿಸುದು, ನೀರಿಲ್ಲದೆ ಖಾಲಿ ಓಡಿಸ್ಬೇಡಿ, ನನ್ನ ಡಿ5 ಪಂಪ್‌ನ ಬೇರಿಂಗ್‌ಗೆ ನೀರೇ ಎಣ್ಣೆ. ಫಿಟ್ಟಿಂಗ್‌ಗೆಲ್ಲ ಟಿಶ್ಯೂ ಸುತ್ತಿ ಒಂದು ದಿನ ಇಟ್ಟೆ, ಒಂದು ಕಡೆ ಒದ್ದೆ ಕಂಡಿತು, ಅದು ನಾನೇ ಆಸೆಗೆ ಇಟ್ಟುಕೊಂಡಿದ್ದ ಹಳೆಯ ಓ-ರಿಂಗ್.

ಖರ್ಚು: ನೀರು 520, ಪುಡಿ 80, ಪಂಪ್ 750, ಚಿಪ್‌ಗೆ ಹಚ್ಚುವ ಥರ್ಮಲ್ ಪೇಸ್ಟ್ 450, ಓ-ರಿಂಗ್ 600, ಸಿರಿಂಜ್-ಬ್ರಷ್ ನೂರು, ಅಂತೂ 2,500. ಟ್ಯೂಬ್ ಮತ್ತೆ ಬಣ್ಣವಿಲ್ಲದ ಹೊಸ ಕೂಲೆಂಟ್ ಬೇರೆ, ಅದು ಹೇಗೂ ತಗೊಳ್ಳುದೇ ಇತ್ತು.

ಮೊನ್ನೆ ವಾಲ್ವ್‌ನಿಂದ ಅರ್ಧ ಲೋಟ ತೆಗೆದು ಬಿಸಿಲಿಗೆ ಹಿಡಿದು ನೋಡಿದೆ. ಅಡಿಯಲ್ಲಿ ಏನೂ ಕೂತಿರ್ಲಿಲ್ಲ, ಅದನ್ನೇ ವಾಪಸ್ ಹಾಕಿದೆ.