ಒಂದೇ ಅಡ್ಡಹೆಸರು, ಬೇರೆ ಬೇರೆ ಮನೆತನ: ಪಾಟೀಲರ ವಂಶಾವಳಿ ಬಿಡಿಸುವ ಬಗೆ

ಬೆಳಗಾವಿ, ವಿಜಯಪುರ, ಧಾರವಾಡದ ಕಡೆ ಯಾವ ಊರಿಗೆ ಹೋದರೂ ಪಾಟೀಲರು ಸಿಗುತ್ತಾರೆ. ಅವರಲ್ಲಿ ಲಿಂಗಾಯತರಿದ್ದಾರೆ, ಜೈನರಿದ್ದಾರೆ, ಮರಾಠರಿದ್ದಾರೆ, ಬ್ರಾಹ್ಮಣರೂ ಮುಸ್ಲಿಮರೂ ಇದ್ದಾರೆ. ಪಾಟೀಲ ಎಂಬುದು ಕುಲದ ಹೆಸರಲ್ಲ, ಊರ ಗೌಡಿಕೆಯ ಹೆಸರು. ಊರಿನ ಲೆಕ್ಕ ಬರೆದವರು ಕುಲಕರ್ಣಿಗಳಾದಂತೆ, ಪರಗಣೆಯ ಆಡಳಿತ ನೋಡಿದವರು ದೇಸಾಯಿಗಳಾದಂತೆ, ಊರ ಹಿರಿತನ ವಹಿಸಿದವರು ಪಾಟೀಲರಾದರು. ಎಷ್ಟೋ ಊರುಗಳಲ್ಲಿ ಕಂದಾಯಕ್ಕೊಬ್ಬ ಮುಲ್ಕಿ ಪಾಟೀಲ, ಬಂದೋಬಸ್ತಿಗೊಬ್ಬ ಪೊಲೀಸ್ ಪಾಟೀಲ ಇದ್ದುದರಿಂದ ಒಂದೇ ಊರಿನ ಪಾಟೀಲರೆಲ್ಲ ಅಣ್ಣತಮ್ಮಂದಿರೇ ಆಗಿರಬೇಕೆಂದಿಲ್ಲ. ಅಡ್ಡಹೆಸರನ್ನೇ ನೆಚ್ಚಿಕೊಂಡು ಹುಡುಕಲು ಹೊರಟವರು ಬೇರೆ ಯಾರದೋ ಅಜ್ಜನನ್ನು ತಮ್ಮ ಮುತ್ತಜ್ಜನೆಂದು ಬರೆದುಕೊಂಡು ಬರುವುದುಂಟು.

ಮೊದಲು ಮನೆಯ ಹಿರಿಯರ ಬಳಿ ಕೂರಬೇಕು. ‘ನಮ್ಮ ಸಂಬಂಧಿಕರು ಯಾರು?’ ಎಂದು ಕೇಳಿದರೆ ಬೀಗರು, ನೆರೆಯವರು, ಗೆಳೆಯರು ಎಲ್ಲರ ಹೆಸರೂ ಬೆರೆತು ಬರುತ್ತವೆ. ಅದರ ಬದಲು, ಊರಿನ ಯಾವ ಪಾಟೀಲರ ಮನೆಗೆ ನಮ್ಮವರು ಹೆಣ್ಣು ಕೊಟ್ಟಿದ್ದಾರೆ, ಯಾವ ಮನೆಯಿಂದ ತಂದಿದ್ದಾರೆ ಎಂದು ಕೇಳಿ. ಹೆಣ್ಣು ಕೊಟ್ಟು ತಂದ ಮನೆ ದಾಯಾದಿಗಳದ್ದಾಗಿರಲಾರದು. ಸೂತಕ ಆಚರಿಸುವ ಸಮುದಾಯಗಳಲ್ಲಿ, ಯಾರು ತೀರಿಕೊಂಡರೆ ನಮಗೆ ಹತ್ತು ದಿನ ಸೂತಕ ಎಂಬ ಪ್ರಶ್ನೆಯೂ ಬಹಳ ನೆರವಾಗುತ್ತದೆ. ಲಿಂಗಾಯತರಲ್ಲಿ ಸೂತಕದ ಕಟ್ಟಳೆ ಇಲ್ಲವಾದ್ದರಿಂದ ಅಲ್ಲಿ ಬೆಡಗನ್ನೂ (ಗೋತ್ರದಂತಹ ಕುಲದ ಗುರುತು) ಮನೆತನ ನಡೆದುಕೊಳ್ಳುವ ಮಠವನ್ನೂ ಕೇಳಬೇಕು. ಮುಸ್ಲಿಂ ಮನೆತನಗಳಿಗೆ ಮದುವೆಯ ಪರೀಕ್ಷೆ ಹೊಂದುವುದಿಲ್ಲ, ಏಕೆಂದರೆ ಅಲ್ಲಿ ಅಣ್ಣತಮ್ಮಂದಿರ ಮಕ್ಕಳ ನಡುವೆಯೂ ಮದುವೆಗೆ ಅವಕಾಶವಿದೆ.

ಬೆಡಗು ಅಥವಾ ಗೋತ್ರದ ವಿಷಯದಲ್ಲಿ ಒಂದು ಎಚ್ಚರ ಬೇಕು. ಅದು ಬೇರೆಯಾಗಿದ್ದರೆ ಎರಡು ಮನೆತನಗಳು ಬೇರೆ ಎಂದು ಬಹುಮಟ್ಟಿಗೆ ನಂಬಬಹುದು. ಒಂದೇ ಆಗಿದ್ದ ಮಾತ್ರಕ್ಕೆ ಮನೆತನವೂ ಒಂದೇ ಎನ್ನಲಾಗದು. ಒಂದು ಬೆಡಗಿನೊಳಗೆ ಪರಸ್ಪರ ಪರಿಚಯವೇ ಇಲ್ಲದ ನೂರಾರು ಮನೆಗಳಿರುತ್ತವೆ.

ಹೊಲದ ಜಾಡು ಹಿಡಿಯಿರಿ

ನನ್ನ ಮಟ್ಟಿಗೆ, ಮನುಷ್ಯರ ಹೆಸರಿಗಿಂತ ಹೊಲದ ಸರ್ವೆ ನಂಬರು ಹೆಚ್ಚು ನಂಬಿಕೆಗೆ ಅರ್ಹ. ಪೂರ್ವಜರ ಹೊಲದ ಪಹಣಿಯನ್ನು ತೆಗೆಸಿಕೊಂಡು 9ನೇ ಕಾಲಮಿನಲ್ಲಿ ಸ್ವಾಧೀನದಾರರ ಹೆಸರನ್ನೂ 10ನೇ ಕಾಲಮಿನಲ್ಲಿ ಆ ಹೊಲ ಅವರಿಗೆ ಬಂದ ರೀತಿಯನ್ನೂ ನೋಡಿ. ಅಲ್ಲಿ ನಮೂದಾದ ಮ್ಯುಟೇಶನ್ (ಹಕ್ಕು ಬದಲಾವಣೆ) ಸಂಖ್ಯೆಯನ್ನು ಹಿಡಿದು ತಹಶೀಲ್ದಾರ್ ಕಚೇರಿಯ ದಾಖಲೆ ಕೊಠಡಿಯಲ್ಲಿ ಹಳೆಯ ನಮೂದಿನ ನಕಲಿಗೆ ಅರ್ಜಿ ಕೊಡಬೇಕು. ವಾರಸಾ ನಮೂದಿನಲ್ಲಿ ತೀರಿಕೊಂಡವರ ಹೆಸರೂ ವಾರಸುದಾರರ ಹೆಸರುಗಳೂ ಒಟ್ಟಿಗೆ ಇರುತ್ತವೆ. ವಾಟ್ನಿ (ಪಾಲು ಹಂಚಿಕೆ) ನಮೂದಿನಲ್ಲಿ ಅಣ್ಣತಮ್ಮಂದಿರು ಹೇಗೆ ಬೇರೆಯಾದರೆಂಬುದು ಕಾಣುತ್ತದೆ. ಈ ಜಿಲ್ಲೆಗಳು ಆಗ ಸೇರಿದ್ದ ಮುಂಬೈ ಪ್ರಾಂತ್ಯದಲ್ಲಿ ಹಕ್ಕು ದಾಖಲೆಯ ಕಾಯಿದೆ ಬಂದದ್ದು 1903ರಲ್ಲಿ. ಹೀಗಾಗಿ ಕಡತ ಉಳಿದಿದ್ದರೆ ಮೂರು ನಾಲ್ಕು ತಲೆಮಾರು ಹಿಂದಕ್ಕೆ ಹೋಗಬಹುದು. ಅಪ್ರಾಪ್ತರ ಪಾಲಕರನ್ನು ಸೂಚಿಸುವ ‘ಅ.ಪಾ.ಕ.’, ಹೆಂಡತಿ ಎಂಬ ಅರ್ಥದ ‘ಕೋಂ’ ಮುಂತಾದ ಗುರುತುಗಳನ್ನು ಬಿಡದೆ ನಕಲು ಮಾಡಿಕೊಳ್ಳಿ. ದತ್ತಕದ ಉಲ್ಲೇಖವಿದ್ದರೆ ಅದರ ಕೆಳಗೆ ಗೆರೆ ಎಳೆಯಿರಿ, ಏಕೆಂದರೆ ದತ್ತು ಹೋದ ಮಗನ ಹೆಸರಿನ ಮುಂದೆ ಹೆತ್ತ ತಂದೆಯ ಹೆಸರು ಇರುವುದಿಲ್ಲ.

ಪಾಟೀಲರಿಗೆ ಇನ್ನೊಂದು ಅನುಕೂಲವಿದೆ. ವಂಶಪಾರಂಪರ್ಯವಾಗಿ ಬರುವ ಊರ ಹುದ್ದೆಗೂ ಅದಕ್ಕಾಗಿ ಬಿಟ್ಟ ಹೊಲಕ್ಕೂ ವತನವೆಂದು ಹೆಸರು. 1874ರ ವತನ ಕಾಯಿದೆಯಡಿ, ಸರದಿಯಂತೆ ಸೇವೆ ಸಲ್ಲಿಸುವ ಹಕ್ಕುಳ್ಳ ವತನದಾರರ ಹೆಸರುಗಳನ್ನು ದಾಖಲಿಸಲಾಗುತ್ತಿತ್ತು. ಎರಡು ಮನೆಗಳ ಹಿರಿಯರು ಒಂದೇ ವತನದ ಪಾಲುದಾರರಾಗಿದ್ದರೆ ಅವರು ಒಂದೇ ಮನೆತನದ ಶಾಖೆಗಳೆಂಬ ಊಹೆಗೆ ಗಟ್ಟಿ ಆಧಾರ ಸಿಕ್ಕಂತೆ. ಹಳೆಯ ವತನ ಕಾಗದಗಳು ಮರಾಠಿ ಭಾಷೆಯಲ್ಲಿ, ಮೋಡಿ ಲಿಪಿಯಲ್ಲಿ ಇರುವುದರಿಂದ ಅದನ್ನು ಓದಬಲ್ಲವರ ನೆರವು ಬೇಕಾದೀತು. ಊರು ಜಮಖಂಡಿ, ಮುಧೋಳ, ರಾಮದುರ್ಗ ಅಥವಾ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತೇ ಎಂಬುದನ್ನೂ ಮೊದಲೇ ತಿಳಿದುಕೊಳ್ಳಿ. 1948ರಲ್ಲಿ ವಿಲೀನವಾಗುವವರೆಗೆ ಅಲ್ಲಿನ ದಫ್ತರವೇ ಬೇರೆಯಾಗಿತ್ತು.

ಹೆಳವರ ಹೊತ್ತಗೆ

ಸುಗ್ಗಿಯ ನಂತರ ಎತ್ತಿನ ಮೇಲೆ ಬಂದು, ಮನೆಯ ಮುಂದೆ ನಿಂತು, ಅಜ್ಜ ಮುತ್ತಜ್ಜಂದಿರ ಹೆಸರುಗಳನ್ನು ಸಾಲಾಗಿ ಹೇಳುವ ಹೆಳವರನ್ನು ಬರಿಗೈಲಿ ಕಳಿಸಬಾರದು ಎಂದು ಹಿರಿಯರು ಹೇಳುತ್ತಿದ್ದುದಕ್ಕೆ ಕಾರಣವಿದೆ. ಕಚೇರಿಯ ಕಾಗದ ಆಸ್ತಿಯಿದ್ದವರನ್ನು ಮಾತ್ರ ಬಲ್ಲದು. ಹೆಳವರು ಮನೆತನ ಎಲ್ಲಿಂದ ಎದ್ದು ಬಂತು, ಯಾವ ಶಾಖೆ ಯಾವ ಊರಿಗೆ ಹೋಯಿತು ಎಂಬುದನ್ನೂ ಹೇಳಬಲ್ಲರು. ಅವರು ಬಂದಾಗ ಕಾಳು, ಬಟ್ಟೆ, ಹಣ ಕೊಟ್ಟು ಗೌರವಿಸಿ, ಒಪ್ಪಿಗೆ ಪಡೆದು ಅವರು ಹೇಳುವುದನ್ನು ಧ್ವನಿಮುದ್ರಿಸಿಕೊಳ್ಳಿ. ಅದೇ ಅಡ್ಡಹೆಸರಿನ ಪಕ್ಕದ ಮನೆಯ ವಂಶವನ್ನೂ ಅವರು ನಿಮ್ಮದರ ಜೊತೆಗೇ ಹೇಳುತ್ತಾರೆಯೇ, ಬೇರೆಯಾಗಿ ಹೇಳುತ್ತಾರೆಯೇ ಎಂಬುದನ್ನು ಗಮನಿಸಿ.

ಇವೆಲ್ಲವನ್ನೂ ಹೊಂದಿಸುವಾಗ ತೊಡಕು ಬರುವುದು ಹೆಸರುಗಳಲ್ಲಿ. ಮೊಮ್ಮಗನಿಗೆ ಅಜ್ಜನ ಹೆಸರಿಡುವ ರೂಢಿಯಿಂದ ಬಸಪ್ಪ ಭೀಮಪ್ಪನ ಮಗ ಭೀಮಪ್ಪ ಬಸಪ್ಪನೂ ಅವನ ಮಗ ಮತ್ತೆ ಬಸಪ್ಪ ಭೀಮಪ್ಪನೂ ಆಗುತ್ತಾರೆ. ಆದ್ದರಿಂದ ಪ್ರತಿ ಹೆಸರಿನ ಪಕ್ಕದಲ್ಲಿ ತಂದೆಯ ಹೆಸರು, ಹೆಂಡತಿಯ ಹೆಸರು, ಅವಳ ತವರೂರು ಮತ್ತು ಹೊಲದ ಸರ್ವೆ ನಂಬರನ್ನು ಬರೆಯಿರಿ. ತವರೂರನ್ನು ಬರೆಯುವುದು ಅತಿ ಮುಖ್ಯ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಗೆ ಮುಂಚಿನ ಆಸ್ತಿ ಪತ್ರಗಳಲ್ಲಿ ಹೆಣ್ಣುಮಕ್ಕಳ ಹೆಸರು ಸಿಗುವುದು ಅಪರೂಪ, ಹೀಗಾಗಿ ಹಿರಿಯರ ನೆನಪಿನಲ್ಲಿ ಉಳಿದದ್ದನ್ನು ಈಗಲೇ ಬರೆದಿಡಬೇಕು. ಇಸವಿಯ ಬದಲು ಶಾಲಿವಾಹನ ಶಕೆ ಇದ್ದರೆ 78 ಕೂಡಿಸಿ. ಸಂವತ್ಸರದ ಹೆಸರು ಮಾತ್ರ ಇದ್ದರೆ ಅವಸರ ಬೇಡ: ಕ್ರೋಧಿ ಸಂವತ್ಸರವು 1904ರಲ್ಲೂ ಬಂದಿತ್ತು, 1964ರಲ್ಲೂ ಬಂದಿತ್ತು.

ಕೊನೆಗೆ ವಂಶವೃಕ್ಷ ಬರೆಯುವಾಗ ಕಾಗದದ ಆಧಾರವಿರುವ ಸಂಬಂಧಕ್ಕೆ ಪೂರ್ಣ ಗೆರೆಯನ್ನೂ ಬಾಯಿಮಾತಿನದಕ್ಕೆ ಚುಕ್ಕೆಗೆರೆಯನ್ನೂ ಎಳೆಯಿರಿ. ಆಧಾರ ಸಿಗದ ಪಾಟೀಲರ ಮನೆಯನ್ನು ಬೇರೆ ಹಾಳೆಯಲ್ಲಿಯೇ ಇಡಿ.